ಲೆವಿ ಬ್ಯಾಂಡು

ಹುಲುಗಪ್ಪನ ಮಿಲಿಟರಿ ಬ್ಯಾಂಡು ಬಾದನಹಟ್ಟಿಯೊಳಗೆ ಕಾಲಿಟ್ಟಿದ್ದೇ ತಡ, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು.

ಹೊಸ ಹೆಸರಿನ ಮೊದಲ ಮದುವೆ ಅದು. ಮೊನ್ನೆಯವರೆಗೆ ಅವರು ಬರೀ ರೂಪನಗುಡಿಯ ಭಜಂತ್ರಿಯವರು: ಸನಾದಿಗೆ ಹುಲುಗಪ್ಪ, ಡೋಲಿಗೆ ಪಾಲಯ್ಯ, ಜೊತೆಗೆ ಇಬ್ಬರು ತಮ್ಮಂದಿರು. ಬಳ್ಳಾರಿಯಲ್ಲಿ ಕೋಟು ತೊಟ್ಟ ಬ್ಯಾಂಡಿನವರು ಹುಟ್ಟಿಕೊಂಡ ಮೇಲೆ ಪಂಚೆಯವರನ್ನು ಕೇಳುವವರೇ ಇಲ್ಲದಂತಾಗಿ, ಎರಡು ವರ್ಷದ ಲಗ್ನಗಳು ಕೈತಪ್ಪಿದ್ದವು. ಯುದ್ಧ ಮುಗಿದು ಕಂಟೋನ್ಮೆಂಟಿನಲ್ಲಿ ಹಳೇ ಖಾಕಿ ಕೋಟುಗಳ ಹರಾಜು ಕೂಗಿದಾಗ ಹುಲುಗಪ್ಪ ಮನೆಯ ಎರಡು ಆಡು ಮಾರಿ ನಾಲ್ಕು ಕೋಟು, ನಾಲ್ಕು ಟೋಪಿ ತಂದ. ಡೋಲಿನ ಮೇಲೆ 'ಹುಲುಗಪ್ಪ ಮಿಲಿಟರಿ ಬ್ಯಾಂಡ್' ಎಂದು ಬರೆಸಿದ. ಈ ಮದುವೆ ಕೆಟ್ಟರೆ ಸನಾದಿಯನ್ನು ಗೂಟಕ್ಕೆ ತೂಗುಹಾಕಿ ಹತ್ತಿ ಮೂಟೆ ಹೊರಲು ಹೋಗುವುದೇ ಸೈ ಎಂದು ಹೆಂಡತಿಗೆ ಹೇಳಿ ಬಂದಿದ್ದ.

ಭರ್ಜರಿಯಾಗಿ ಊರು ಹೊಗಬೇಕೆಂದು ಡೋಲನ್ನು ಹಿಂದಿನ ಬಂಡಿಯಲ್ಲೇ ಬಿಟ್ಟು, ನಾಲ್ವರೂ ಸಾಲು ಹಿಡಿದು ಲೆಫ್ಟ್ ರೈಟ್ ಹಾಕುತ್ತ ಬಂದಿದ್ದರು. ಚಪ್ಪರದಲ್ಲಿ ನೋಡಿದರೆ ಚಾಪೆಗಳಿವೆ, ಕೂತವರಿಲ್ಲ. ಒಲೆ ಉರಿಯುತ್ತಿದೆ, ಮೇಲಿದ್ದ ಹಂಡೆ ಮಾಯ. ಬಾಸಿಂಗ ಕಟ್ಟಿಕೊಂಡ ಮದುಮಗ ಮಾತ್ರ ಓಡಲೂ ಆಗದೆ ಹಸೆಯ ಮೇಲೆ ಕೂತಿದ್ದ.

ಹೆಣ್ಣಿನ ತಂದೆ ಮರಿಬಸಪ್ಪ ಕೈಮುಗಿದು ಬಂದ. "ಸಾಹೇಬ್ರ, ನಮ್ಮ ಮನ್ಯಾಗ ಅಕ್ಕಿ ಎಲ್ಲಿಂದ ಬರಬೇಕ್ರಿ? ಬೀಗರು ಒಂದ್ ಹತ್ತು ಮಂದಿ ಬಂದಾರ, ನವಣಿ ಅನ್ನ ಮಾಡೇವಿ, ಅಷ್ಟ."

ಆಗ ಹುಲುಗಪ್ಪನಿಗೆ ಹೊಳೆಯಿತು. ಸರ್ಕಾರದವರು ಲೆವಿ ಎಂದು ಮನೆಮನೆ ಹೊಕ್ಕು ದವಸ ಎತ್ತಿಕೊಂಡು ಹೋಗುತ್ತಿದ್ದ ಕಾಲ; ಮದುವೆಯೂಟಕ್ಕೆ ಇಷ್ಟೇ ಎಲೆ ಎಂಬ ಹುಕುಂ ಬೇರೆ. ಖಾಕಿ ಕಂಡವರು ಇನ್ನೇನು ತಿಳಿದಾರು? ಆದರೆ ಒಂದು ಮಾತು ನಿಜ. ಹುಟ್ಟಿದಾಗಿನಿಂದ 'ಲೇ ಹುಲುಗಾ' ಎಂದೇ ಕರೆಸಿಕೊಂಡವನಿಗೆ ಆ 'ಸಾಹೇಬ್ರ' ಬೆಲ್ಲದಷ್ಟು ಸಿಹಿಯಾಗಿತ್ತು. ಒಂದು ಗಳಿಗೆ ಅದನ್ನೇ ಸವಿದ. ಆಮೇಲೆ ಹೊತ್ತಿನ ನೆನಪಾಯಿತು. ಮುಹೂರ್ತ ತಪ್ಪಿದರೆ ಕೆಟ್ಟ ಹೆಸರೆಲ್ಲ ಬ್ಯಾಂಡಿಗೇ.

"ಯಪ್ಪಾ, ನಾನ್ರಿ, ರೂಪನಗುಡಿ ಹುಲುಗ. ಸನಾದಿ ಊದಾಕ ಬಂದೀನಿ."

ಮರಿಬಸಪ್ಪ ಮುಖ ಎತ್ತಿ ನೋಡದೆ ಇನ್ನಷ್ಟು ಬಗ್ಗಿದ. "ಹೋದ ಸಲ ಬೀಗರು ಅಂತ ಹೇಳಿ ಬಂದು ನೆಲದಾಗಿನ ಹಗೇವು ತೋಡಿಸಿ ಕಾಳು ಒಯ್ದ್ರಿ. ಈ ಸಲ ಭಜಂತ್ರಿ ಏನ್ರಿ, ಸಾಹೇಬ್ರ?"

ಡೋಲು ತೋರಿಸೋಣವೆಂದರೆ ಬಂಡಿ ಇನ್ನೂ ಹಳ್ಳ ದಾಟಿರಲಿಲ್ಲ. ಹುಲುಗಪ್ಪ ಕೋಟಿನ ಗುಂಡಿ ಬಿಚ್ಚಿದ. ಸೊಂಟದಲ್ಲಿ ಅಪ್ಪನ ಕಾಲದ ಸನಾದಿ ಇತ್ತು. ಅದನ್ನು ಅವನು ಯಾವತ್ತೂ ಬಂಡಿಯ ಕೈಗೆ ಕೊಟ್ಟವನಲ್ಲ. ಕಣ್ಣು ಮುಚ್ಚಿ ಊದಿದ.

ಒಳಮನೆಯಿಂದ ಮುದುಕಿಯ ದನಿ ಬಂತು. ಮರಿಬಸಪ್ಪನ ತಾಯಿ ಎರ್ರಮ್ಮ ಅಕ್ಕಿ ಚೀಲಗಳ ಮೇಲೆ ಕೌದಿ ಹೊದ್ದು, ಜ್ವರ ಬಂದವಳ ಹಾಗೆ ಮಲಗಿದ್ದಳು. "ಲೇ ಬಸ್ಯಾ, ನಿನ್ನ ಲಗ್ನಕ್ಕ ಅವರಪ್ಪ ಊದಿದ್ದೂ ಇದ ಸನಾದಿ! ಹೊರಗ ಬರ್ರಲೇ ಎಲ್ಲಾರು, ಲೆವಿ ಅಲ್ಲ, ಬ್ಯಾಂಡು!"

ಬಣವೆಯ ಹಿಂದಿನಿಂದ ಬೀಗರು ಬಂದರು, ಕೊಟ್ಟಿಗೆಯಿಂದ ಪೂಜಾರಿ ಬಂದ, ಹಂಡೆ ನಾಲ್ವರ ಹೆಗಲೇರಿ ಒಲೆಗೆ ವಾಪಸು ಬಂತು. ಅಷ್ಟರಲ್ಲಿ ಡೋಲೂ ಬಂತು. ಪಾಲಯ್ಯ ಬಾರಿಸಿದ ಗಟ್ಟಿಮೇಳ ಪಕ್ಕದೂರಿಗೆ ಕೇಳಿಸಿತಂತೆ. ತಾಳಿ ಕಟ್ಟುವಾಗ ಮದುಮಗಳೂ ನಗು ತಡೆಯಲಾಗದೆ ಸೆರಗು ಕಚ್ಚಿದಳು. ಹುಲುಗಪ್ಪನಿಗೆ ಆ ದಿನ ಆದಷ್ಟು ಖುಷಿ ಮತ್ತೆಂದೂ ಆಗಲಿಲ್ಲ.

ವಾರದೊಳಗೆ ಕುರುಗೋಡಿನಿಂದ, ಸಿರುಗುಪ್ಪದಿಂದ ಜನ ರೂಪನಗುಡಿಗೆ ಬಂದು "ಲೆವಿ ಬ್ಯಾಂಡಿನವರ ಮನಿ ಯಾವುದ್ರಿ?" ಎಂದು ಕೇಳತೊಡಗಿದರು. ಮೊದಮೊದಲು ಹುಲುಗಪ್ಪ ಮುಖ ಸಿಂಡರಿಸಿದ. ಆ ಸುಗ್ಗಿಯ ಲಗ್ನಗಳೆಲ್ಲ ತನ್ನ ಪಾಲಿಗೇ ಬಂದಾಗ ಡೋಲಿನ ಮೇಲಿದ್ದುದನ್ನು ಕೆರೆಸಿ, ದಪ್ಪ ಅಕ್ಷರದಲ್ಲಿ 'ಲೆವಿ ಬ್ಯಾಂಡ್' ಎಂದು ಬರೆಸಿದ.

ಮುಂದಿನ ತಿಂಗಳು ನಿಜವಾದ ಲೆವಿ ಸಾಹೇಬರು ಖಾಕಿ ತೊಟ್ಟು, ಜವಾನರನ್ನು ಕಟ್ಟಿಕೊಂಡು ಬಾದನಹಟ್ಟಿಗೆ ಬಂದರಂತೆ. ಒಂದು ಬಾಗಿಲೂ ಮುಚ್ಚಲಿಲ್ಲ. ಎರ್ರಮ್ಮ ಕಟ್ಟೆಯಿಂದ ಇಳಿದು ಬಂದು, ಸಾಹೇಬರ ಬೆನ್ನ ಹಿಂದೆಲ್ಲ ಇಣುಕಿ ನೋಡಿ ಕೇಳಿದಳಂತೆ: "ಬರ್ರೆಪ್ಪಾ, ಬರ್ರಿ. ಇವತ್ತು ಯಾರ ಮನ್ಯಾಗ ಲಗ್ನ? ಡೋಲು ಎಲ್ಲಿ ಬಿಟ್ಟು ಬಂದ್ರಿ?"