ಕಾಲಡಿಯ ಹಾಡು

ನೀರು ಬಿದ್ದ ಶಹಾಬಾದ್ ಕಲ್ಲಿನಿಂದ ಸೀಮೆಸುಣ್ಣದ ವಾಸನೆ ಎದ್ದರೆ ನನಗೆ ಈಗಲೂ ಅಂಗಾಲಿನಲ್ಲಿ ಕಚಗುಳಿಯಾಗುತ್ತದೆ.

ಚಿತ್ತಾಪುರದ ನಮ್ಮ ಶಾಲೆಯಲ್ಲಿ ನಿಜಾಮರನ್ನು ಹರಸುವ ಹಾಡನ್ನು ಉರ್ದುವಿನಲ್ಲಿ ಹಾಡಬೇಕಿತ್ತು. ನಮಗೆ ಓದಲು ಬರುತ್ತಿದ್ದುದು ಮನೆಯಲ್ಲಿ ಕಲಿತ ಕನ್ನಡ ಮಾತ್ರ; ಅದನ್ನು ಶಾಲೆಯಲ್ಲಿ ಬರೆಯುವಂತಿರಲಿಲ್ಲ. ತಪಾಸಣೆಗೆ ಸಾಹೇಬರು ಬರುವ ದಿನ ಆಚಾರ್ ಮಾಸ್ತರರು ಬಾಗಿಲು ಹಾಕಿ, ಆ ಉರ್ದು ಹಾಡನ್ನು ಕನ್ನಡ ಅಕ್ಷರಗಳಲ್ಲಿ ನೆಲದ ಕಲ್ಲಿನ ಮೇಲೆ ಬರೆದರು.

"ತಲಿ ತಗ್ಗಿಸಿ ಓದಕೋತ ಹಾಡ್ರಿ. ಸಾಹೇಬ್ರು ಹತ್ರ ಬಂದ್ರ ಅಕ್ಷರದ ಮ್ಯಾಲ ನಿಂದರ್ರಿ. ಇಲ್ಲಂದ್ರ ನನ್ ನೌಕರಿ ಹೋಗ್ತದ."

ನಾವು ಎರಡು ಸಾಲು ಹಾಡುವುದರೊಳಗೆ ಸಾಹೇಬರು ನಮ್ಮತ್ತ ಬಂದೇಬಿಟ್ಟರು. ಎಲ್ಲರೂ ಒಟ್ಟಿಗೆ ಹೆಜ್ಜೆ ಮುಂದಿಟ್ಟು ಅಕ್ಷರಗಳನ್ನು ಮುಚ್ಚಿದೆವು. ಉಳಿದ ಹಾಡನ್ನು ನೆನಪಿದ್ದಷ್ಟು ಕೂಗಿದೆವು. ಮಾಸ್ತರರ ಹಣೆಯ ಅಂಗಾರದ ಕಪ್ಪು ಗೆರೆ ಬೆವರಿಗೆ ಮೂಗಿನವರೆಗೂ ಇಳಿದಿತ್ತು.

ಅಲ್ಲಿಯವರೆಗೆ ಬರೀ ಉರ್ದು ಮಾತಾಡಿದ್ದ ಸಾಹೇಬರು ಹೊರಡುವಾಗ ಹೊಸ್ತಿಲಲ್ಲಿ ನಿಂತು, ಬೆಳ್ಳಗಾದ ನಮ್ಮ ಪಾದಗಳನ್ನು ನೋಡಿದರು.

"ಭಾಳ ಛಲೋ ಹಾಡಿದ್ರಿ," ಎಂದು ನಮ್ಮೂರ ಕನ್ನಡದಲ್ಲೇ ಹೇಳಿದರು. "ಮನಿಗಿ ಹೋಗೂ ಮುಂದ ಕಾಲ್ ತೊಳಕೊಳ್ರಿ."

ಅವರ ಟಾಂಗಾ ಮರೆಯಾದ ಮೇಲೆ, ಮನೆಯಲ್ಲಿ ಮಡಿ ಬಿಡದ ಮಾಸ್ತರರು ತಾವೇ ಕೊಡ ಹೊತ್ತು ತಂದು, ಬಗ್ಗಿ ಕುಳಿತು, ನಮ್ಮೆಲ್ಲರ ಕಾಲನ್ನೂ ಒಬ್ಬೊಬ್ಬರದಾಗಿ ತೊಳೆದರು.