ಕುಕ್ಕರ್ ಗುರುತಿನ ನ್ಯಾಯಾಧೀಶೆ

ಬೆಳಿಗ್ಗೆ ಹನ್ನೊಂದಕ್ಕೆ ನ್ಯಾಯಾಧೀಶೆ ಇಂದುಮತಿ ಪೀಠವೇರಿ, ಎಲ್ಲರಿಗೂ ಕೈ ಮುಗಿದು ಕೂತರು. ಆ ಊರಲ್ಲಿ ನ್ಯಾಯಾಧೀಶರನ್ನೂ ಜನರೇ ಮತ ಹಾಕಿ ಆರಿಸುತ್ತಿದ್ದರು; ಭಾನುವಾರ ಚುನಾವಣೆ. ಆ ತಿಂಗಳು ಪೂರ್ತಿ ಮತದಾರರೆದುರು ಮುಗಿದ ಕೈ ಇಳಿಸದಿರುವುದು ವಾಡಿಕೆ. ತೀರ್ಪುಗಳೆಲ್ಲ ಮುಂದಕ್ಕೆ ಹೋಗುತ್ತಿದ್ದವು. ಪೀಠದ ಹಿಂದೆ ಅವರ ಚುನಾವಣಾ ಗುರುತು ಪ್ರೆಷರ್ ಕುಕ್ಕರ್ ತೂಗುತ್ತಿತ್ತು. ತಕ್ಕಡಿ ಎದುರಾಳಿಯ ಪಾಲಾಗಿತ್ತು.

ಕಟಕಟೆಯಲ್ಲಿ ನೀರುಗಂಟಿ ಮರುಳಪ್ಪ ನಿಂತಿದ್ದ. ವಾರ್ಡಿನ ಟ್ಯಾಂಕಿಗೆ ವಿಷ ಬೆರೆಸಿದನೆಂಬ ಆರೋಪ.

“ಕುಕ್ಕರ್ ಅಕ್ಕಾ, ಶಿಕ್ಷೆ ಕೊಡಿ! ಇಲ್ಲಾಂದ್ರೆ ಸೀಟಿ ನಾವು ಹೊಡೀತೀವಿ!” ಹಿಂದಿನಿಂದ ಯಾರೋ ಕೂಗಿದರು. ಕೋರ್ಟು ನಕ್ಕಿತು.

ಶಿರಸ್ತೇದಾರ ಚನ್ನಕೇಶವ ಬಗ್ಗಿ ಪಿಸುಗುಟ್ಟಿದರು: “ಮೇಡಂ, ಇಡೀ ವಾರ್ಡು ಬಂದಿದೆ. ಮುಂದಿನ ವಾರಕ್ಕೆ ಹಾಕಿ.”

“ಮುಂದಿನ ವಾರ ಇಲ್ಲಿ ನಾನು ಇರದಿದ್ದರೆ?”

“ಅದಕ್ಕೇ ಹೇಳಿದ್ದು, ಇರಬೇಕಲ್ಲ!”

“ನೀರಿನಲ್ಲಿ ವಿಷ ಇಲ್ಲ ಅಂತ ಪ್ರಯೋಗಾಲಯದ ವರದಿ ಇದೆ. ಮುಗಿದ ಕೈಯಲ್ಲಿ ಸಹಿ ಹಾಕೋಕಾಗಲ್ಲ, ಚನ್ನಕೇಶವ ಅವರೇ. ಪೆನ್ನು ಕೊಡಿ.”

ಜನರ ಎದುರಿಗೇ ಕೈ ಇಳಿಸಿ, ಬಿಡುಗಡೆಯ ಆದೇಶ ಬರೆದು ಸಹಿ ಹಾಕಿದರು.

ಭಾನುವಾರ ಇಂದುಮತಿ ಸೋತರು. ಸೋಮವಾರ ಬೆಳಿಗ್ಗೆ ಮರುಳಪ್ಪ ನೀರು ಬಿಟ್ಟ. ವಾರ್ಡಿನವರು ಕೊಡ ಹಿಡಿದು ಸಾಲಾಗಿ ನಿಂತಿದ್ದರು.