ಸೊಪ್ಪಿನ ಜೊತೆ ಬೆಂದ ನೋಟು

ಹೊರದೇಶದ ಸೇನಾ ಶಿಬಿರಗಳೊಳಗೆ ಮಾತ್ರ ನಡೆಯುತ್ತಿದ್ದ ಹಳೆಯ ನೋಟುಗಳನ್ನು ಕೂಡಿಡುವ ನಾನು, ಹೊಸದೊಂದು ಕೈಸೇರಿದಾಗ ಈಗಲೂ ಮೊದಲು ಮೂಸಿ ನೋಡುತ್ತೇನೆ.

ಅಂಥ ಶಿಬಿರವೊಂದರಲ್ಲಿ ಅಡುಗೆ ಮಾಡಿ ಬಂದಿದ್ದ ತಾತ, ಉಳಿದ ಒಂದೇ ನೋಟನ್ನು ಅಜ್ಜಿಗೆ ಕೊಟ್ಟಿದ್ದರು. ಅದು ಅವಳ ಎಲೆಅಡಿಕೆ ಸಂಚಿಯಲ್ಲೇ ಇರುತ್ತಿತ್ತು. ಕಂಪಲಾಪುರದ ನಮ್ಮ ಹೊಲದಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ಅದು ಜಾರಿ ಎಲೆಗಳ ನಡುವೆ ಸೇರಿಹೋಗಿತ್ತು. ಅವಳಿಗೆ ಗೊತ್ತಾದದ್ದು ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸುವ ಮನೆಯಾದ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿದ ಮೇಲೆ.

“ಈಗ ಬಾಗ್ಲು ತೆಗುದ್ರೆ ಸೊಪ್ಪು ಕೆಡ್ತದೆ ಕಣೆ. ಎಲ್ಲೂ ನಡೀದ ದುಡ್ಡು, ಓಗ್ಲಿ ಬುಡು” ಎಂದರು ತಾತ.

ಅಜ್ಜಿ ಸೊಪ್ಪು ಬೇಯುವವರೆಗೂ ಎಲೆಅಡಿಕೆಯನ್ನೇ ಹಾಕಲಿಲ್ಲ.

ಬೆಂಕಿ ಆರಿಸಿ ಬಾಗಿಲು ತೆರೆದಿಟ್ಟು, ಗಾಳಿಯ ತೇವಕ್ಕೆ ಸೊಪ್ಪು ಮೆತ್ತಗಾದ ಮಧ್ಯಾಹ್ನ, ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದವರು ತಾತನೇ. ಒಂದೊಂದೇ ಕಡ್ಡಿ ಇಳಿಸಿ, ಜೇನುಬಣ್ಣದ ಎಲೆಗಳನ್ನು ಬೆರಳಲ್ಲಿ ಬಿಡಿಸುತ್ತಾ ಹೋದರು. ನೋಟು ಸಿಕ್ಕಿತು. ಅಂಚು ಮಾತ್ರ ಕಂದಿತ್ತು. ಮೂಸಿ ನೋಡಿ ಅಜ್ಜಿಯ ಕೈಗಿಟ್ಟರು.

“ತಗೋ. ನಮ್ ಸೊಪ್ಪಿನ ವಾಸ್ನೆ ಬತ್ತದೆ. ಈಗ ಇದು ನಮ್ಮೂರ್ದಾಯ್ತು.”

ಅಜ್ಜಿ ಬ್ಯಾರನ್ನಿನ ಬೆಚ್ಚಗಿನ ಗೋಡೆಗೆ ಒರಗಿ ಕೂತಳು. ಸಂಚಿ ಬಿಚ್ಚಿ, ಮೊದಲ ಎಲೆಗೆ ಸುಣ್ಣ ಹಚ್ಚಿ ತಾತನಿಗೇ ಕೊಟ್ಟಳು.